ಪರದೆಯ ಒಳಗಿನ ಮಾತು

ಇದು ಸೋತವರು ಬರೆಯುತ್ತಿರುವ ಲೆಕ್ಕ. ಗೆದ್ದವರ ಲೆಕ್ಕ ಪೇಪರಿನಲ್ಲಿ ಬರುತ್ತದೆ, ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಬರುತ್ತದೆ, ಹಾರದ ಭಾರದಲ್ಲಿ ಗೊತ್ತಾಗುತ್ತದೆ. ಸೋತವರ ಲೆಕ್ಕ ಠೇವಣಿಯ ಜೊತೆಗೇ ಸರ್ಕಾರದ ಖಜಾನೆಗೆ ಹೋಗಿ ಸೇರುತ್ತದೆ. ಅದನ್ನು ಕೇಳುವವರಿಲ್ಲ. ಕೇಳಿದರೂ ಒಂದೇ ಮಾತು: "ಯಾಕ್ರಯ್ಯ ನಿಂತ್ರಿ? ಕಂಡದ್ದೇ ಅಲ್ವಾ?"

ಕಂಡದ್ದೇನು, ಕಾಣದ್ದೇನು ಎಂದು ಬಿಡಿಸಿ ಹೇಳಲು ಈ ಬರಹ.

2023ರ ಮೇ 10ರಂದು ನಡೆದ ವಿಧಾನಸಭೆ ಚುನಾವಣೆಗೆ ನಾವು ನಿಂತಿದ್ದೆವು. ಹಳೇ ಮೈಸೂರು ಸೀಮೆಯ ಒಂದು ಮೀಸಲು ಕ್ಷೇತ್ರ. ನಾವು ಎಂದರೆ ಒಂಬತ್ತು ಜನ. ಎಂ.ಎ. ಓದುತ್ತಿದ್ದವರು ಇಬ್ಬರು, ಆಟೋ ಓಡಿಸುವವನೊಬ್ಬ, ಗಾರ್ಮೆಂಟ್ಸಿಗೆ ಹೋಗುವವಳೊಬ್ಬಳು, ತಮಟೆ ಬಡಿಯುವವನೊಬ್ಬ, ಬಿ.ಎಡ್. ಮಾಡಿ ಮನೆಪಾಠ ಹೇಳುತ್ತಿದ್ದವನೊಬ್ಬ, ಪದ್ಯ ಬರೆಯುವವರಿಬ್ಬರು, ತಾಲೂಕು ಕೋರ್ಟಿನಲ್ಲಿ ಜೂನಿಯರ್ ವಕೀಲೆಯಾಗಿದ್ದ ಅಕ್ಕ. ನಮ್ಮ ನಮ್ಮ ಮನೆಗಳಲ್ಲಿ ಹೆಬ್ಬೆಟ್ಟಿನ ಮಸಿ ಒರೆಸಿ ಮೊದಲು ಪೆನ್ನು ಹಿಡಿದವರು ನಾವೇ. ನಾಮಪತ್ರದಲ್ಲಿ ಒಂದೇ ಹೆಸರಿಗೆ ಜಾಗ. ಅಲ್ಲಿ ಅಕ್ಕನ ಹೆಸರು ಬರೆದೆವು. ಮಿಕ್ಕಂತೆ ಓಡಾಡಿದ್ದು, ಬೈಸಿಕೊಂಡದ್ದು, ಸೋತದ್ದು ಎಲ್ಲ ನಾವು.

ಮೀಸಲು ಕ್ಷೇತ್ರ ಎಂದ ಕೂಡಲೆ ಪಟ್ಟಣದ ಗೆಳೆಯರು "ಹಾಗಾದ್ರೆ ನಿಮ್ದೇ ಕ್ಷೇತ್ರ ಬಿಡಿ" ಎನ್ನುತ್ತಾರೆ. ಕುರ್ಚಿ ನಮ್ಮದು, ನಿಜ. ಆ ಕುರ್ಚಿಯ ಮೇಲೆ ಯಾರು ಕೂರಬೇಕು ಎಂದು ಹೇಳುವವರು ಯಾರು? ರಾಜ್ಯದ 224 ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ನಮ್ಮ ಕ್ಷೇತ್ರದಲ್ಲಿ ನಾಲ್ವರು ಮತದಾರರಿದ್ದರೆ ಅವರಲ್ಲಿ ಒಬ್ಬರು ನಮ್ಮವರು. ಮಿಕ್ಕ ಮೂವರು ಒಪ್ಪದೆ ಯಾರೂ ಗೆಲ್ಲುವಂತಿಲ್ಲ. ಹಾಗಾಗಿ ಟಿಕೆಟ್ ಹಂಚುವ ದೊಡ್ಡ ಪಕ್ಷಗಳು ಕೇರಿಯನ್ನು ಕೇಳುವುದಿಲ್ಲ, ಜಗಲಿಯನ್ನು ಕೇಳುತ್ತವೆ. ಜಗಲಿಗೆ ಒಗ್ಗುವ ದಲಿತ ಬೇಕು. ಕೂರು ಅಂದರೂ ಕೂರದವನು, ಕೊಟ್ಟ ಲೋಟದಲ್ಲಿ ಕುಡಿಯುವವನು, ಗೆದ್ದ ಮೇಲೂ "ಬುದ್ಧಿ" ಎನ್ನುವವನು. ಅಂಥವರು ಯಾವ ಪಕ್ಷದಲ್ಲಿ ಇಲ್ಲ?

ಈ ಗಂಟು ಇಂದಿನದಲ್ಲ. 1932ರ ಪೂನಾ ಒಪ್ಪಂದದಲ್ಲಿ ಬಿದ್ದದ್ದು. ಬಾಬಾಸಾಹೇಬರು ಕೇಳಿದ್ದು ಪ್ರತ್ಯೇಕ ಮತಕ್ಷೇತ್ರ. ನಮ್ಮವರನ್ನು ನಾವೇ ಆರಿಸುವ ಹಕ್ಕು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಕೊನೆಗೆ ಪ್ರಾಂತ್ಯಗಳ ಶಾಸನಸಭೆಗಳಲ್ಲಿ 71 ಇದ್ದ ಸ್ಥಾನ 148 ಆಯಿತು, ಪ್ರತ್ಯೇಕ ಮತಕ್ಷೇತ್ರ ಹೋಯಿತು. ಸ್ಥಾನ ಹೆಚ್ಚಾಯಿತು, ಆರಿಸುವ ಕೈ ಬೇರೆಯಾಯಿತು. ಆ ಒಪ್ಪಂದದಲ್ಲಿ ನಮ್ಮ ಹುಡುಗರಿಗೆ ಯಾರೂ ಹೇಳಿಕೊಡದ ಇನ್ನೊಂದು ಕಲಂ ಇದೆ. ಮೊದಲು ನಮ್ಮ ಜನ ಮಾತ್ರ ಸೇರಿ ಪ್ರತಿ ಮೀಸಲು ಸ್ಥಾನಕ್ಕೆ ನಾಲ್ವರನ್ನು ಆರಿಸಬೇಕು. ಆಮೇಲೆ ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಕೂಡಿ ಆರಿಸಬೇಕು. ಅಂದರೆ ಕೇರಿ ಒಲ್ಲೆ ಅಂದವನು ಕೇರಿಯ ಹೆಸರಲ್ಲಿ ಕಣಕ್ಕೆ ಇಳಿಯುವಂತಿರಲಿಲ್ಲ. ಆ ಏರ್ಪಾಟಿಗೆ ಹತ್ತು ವರ್ಷದ ಗಡುವಿತ್ತು. ಸಂವಿಧಾನ ಬರುವ ಹೊತ್ತಿಗೆ ಅದು ಉಳಿಯಲಿಲ್ಲ. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, 1952ರಲ್ಲಿ, ಸಂವಿಧಾನದ ಕರಡು ಬರೆದ ಬಾಬಾಸಾಹೇಬರೇ ಮುಂಬೈ ಉತ್ತರ ಕ್ಷೇತ್ರದ ಮೀಸಲು ಸ್ಥಾನಕ್ಕೆ ನಿಂತು ಸೋತರು. 1954ರ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ಅವರನ್ನೇ ಸೋಲಿಸಿದ ಲೆಕ್ಕ ಇದು. ನಮ್ಮದೇನು ಮಹಾ!

ಆ ಕಲಮನ್ನು ಓದಿದ ರಾತ್ರಿ ನಮಗೊಂದು ಹುಚ್ಚು ಹತ್ತಿತು. ಕಾನೂನು ಬಿಟ್ಟದ್ದನ್ನು ನಾವೇ ಮಾಡಿದರೆ?

ಫೆಬ್ರವರಿಯ ಒಂದು ಭಾನುವಾರ ಹದಿನೇಳು ಕೇರಿಗಳಿಂದ ಜನ ಕರೆದೆವು. ಬಂದದ್ದು 214. ಎಡಗೈ ಕೇರಿಯವರೂ ಬಂದರು, ಬಲಗೈ ಕೇರಿಯವರೂ ಬಂದರು. ಒಬ್ಬರ ಮನೆ ನೀರು ಒಬ್ಬರು ಕುಡಿಯದ ಹಿರಿಯರು ಒಂದೇ ಜಮಖಾನದ ಎರಡು ತುದಿಯಲ್ಲಿ ಕೂತರು. ನಿಲ್ಲುತ್ತೇವೆ ಎಂದವರು ಮೂವರು: ಹಿಂದೆ ತಾಲೂಕು ಪಂಚಾಯ್ತಿ ಸದಸ್ಯರಾಗಿದ್ದ ಹಿರಿಯರೊಬ್ಬರು, ಸಂಘಟನೆಯ ಹಳೆಯ ಕಾರ್ಯಕರ್ತರೊಬ್ಬರು, ಮತ್ತು ಅಕ್ಕ. ಮೂರು ಮಡಕೆ ಇಟ್ಟು, ಮೇಲೆ ಮೂವರ ಫೋಟೋ ಅಂಟಿಸಿ, ಸುತ್ತ ಒಂದು ಹಳೇ ಸೀರೆ ಕಟ್ಟಿ ಮರೆ ಮಾಡಿದೆವು. ತಲೆಗೊಂದು ಅವರೆಕಾಳು. ಒಳಗೆ ಹೋಗಿ ಬೇಕಾದ ಮಡಕೆಗೆ ಹಾಕಿ ಬರುವುದು.

ಹೊಳೆಯಾಚೆಯ ಊರಿನ ಒಬ್ಬ ಅಜ್ಜಿ ಕಾಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸೀರೆಯ ಮುಂದೆ ನಿಂತೇ ಬಿಟ್ಟಿತು.

"ಯಾಕವ್ವ?"

"ಎಣಿಸಾದ್ ಮೇಲೆ ಯಾರ್ ಕಾಳು ಯಾವ್ ಮಡಕೇಲದೆ ಅಂತ ಗೊತ್ತಾಗಕಿಲ್ವಾ ಮಗ?"

"ಇಲ್ಲ ಕಣವ್ವ. ಎಲ್ಲಾ ಕಾಳೂ ಒಂದೇ ಥರ ಅವೆ."

"ಹಂಗಾದ್ರೆ ಸರಿ."

ಅಜ್ಜಿ ಒಳಗೆ ಹೋಗಿ ಬಂತು. ಯಾರಿಗೆ ಹಾಕಿತೋ ಇವತ್ತಿಗೂ ನಮಗೆ ಗೊತ್ತಿಲ್ಲ. ಅಕ್ಕನ ಮಡಕೆಯಲ್ಲಿ 97 ಕಾಳು, ಕಾರ್ಯಕರ್ತರದರಲ್ಲಿ 71, ಹಿರಿಯರದರಲ್ಲಿ 46. ಹಿರಿಯರು ಟವೆಲ್ ಕೊಡವಿ ಎದ್ದು ಹೋದರು. ಸಾಯಂಕಾಲ ತಾವೇ ಬಂದು "ನಂಗೂ ಹಿಂಗೇ ಪರ್ದೆ ಕಟ್ಟಿ ಯಾರೂ ಕೇಳಿರ್ನಿಲ್ಲ ಕಣವ್ವ, ಯಾವಾಗ್ಲೂ ದೊಡ್ಡೋರು ಕರ್ದು ನಿಲ್ಲು ಅಂದಿದ್ರು" ಎಂದು ಅಕ್ಕನ ತಲೆ ಮೇಲೆ ಕೈ ಇಟ್ಟರು.

ನಾಮಪತ್ರದ ಕತೆ ಬೇರೆ. ಮನ್ನಣೆ ಪಡೆದ ಪಕ್ಷದ ಉಮೇದುವಾರನಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಕಾಗದದ ಮೇಲೆ ಹತ್ತು ರುಜು ಅಷ್ಟೆ. ಊರಿನಲ್ಲಿ ಅದು ಹತ್ತು ಮನೆ, ಹತ್ತು ಮನೆಯ ಕೂಲಿ, ಹತ್ತು ಮನೆಯ ಸಾಲ. ಹಿಂದಿನ ರಾತ್ರಿ ಇಬ್ಬರು ಹಿಂದೆ ಸರಿದರು. ಒಬ್ಬರು ಫೋನು ಎತ್ತಲಿಲ್ಲ. ಇನ್ನೊಬ್ಬರು ಬಂದು ಬಾಗಿಲಲ್ಲೇ ನಿಂತು, "ಮಗಳ ಮದ್ವೆಗೆ ಅವರ ತಾವ ಈಸ್ಕೊಂಡಿವ್ನಿ" ಎಂದರು. ನಾವು ಏನೂ ಅನ್ನಲಿಲ್ಲ. ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸಿನಿಂದ ಇಳಿಸಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದೆವು. ಒಂದು ದಿನದ ಸಂಬಳ ಬಿಟ್ಟು ಬಂದು ಅವರು ರುಜು ಹಾಕಿದರು.

ಅಫಿಡವಿಟ್ಟಿನಲ್ಲಿ ಆಸ್ತಿ ಘೋಷಿಸಬೇಕು. ಯಾವ ಕಾಲಮನ್ನೂ ಖಾಲಿ ಬಿಡುವಂತಿಲ್ಲ. ಬಿಟ್ಟು ತುಂಬದೆ ಹೋದರೆ ನಾಮಪತ್ರ ತಿರಸ್ಕರಿಸಬಹುದೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೃಷಿ ಜಮೀನು: ಇಲ್ಲ. ನಿವೇಶನ: ಇಲ್ಲ. ವಾಣಿಜ್ಯ ಕಟ್ಟಡ: ಇಲ್ಲ. ವಾಹನ: ಇಲ್ಲ. ಶೇರು, ಡಿಬೆಂಚರು: ಇಲ್ಲ. ಬರೆಯುತ್ತ ಬರೆಯುತ್ತ ಪದ್ಯ ಬರೆಯುವ ನಮ್ಮಿಬ್ಬರಿಗೂ ಕೈ ನಿಂತಿತು. ಇದ್ದವರು ಇದ್ದದ್ದನ್ನು ಮುಚ್ಚಿಡಲು ಲೆಕ್ಕಿಗರನ್ನು ಇಟ್ಟುಕೊಳ್ಳುತ್ತಾರೆ. ಇಲ್ಲದವರು ಇಲ್ಲದ್ದನ್ನು ಒಂದೊಂದಾಗಿ ಹೆಸರು ಹಿಡಿದು ಕರೆದು, ನೋಟರಿ ಮುಂದೆ ಪ್ರಮಾಣ ಮಾಡಿ ಹೇಳಬೇಕು. ನಮ್ಮ ಅಜ್ಜ ಮುತ್ತಜ್ಜಂದಿರ ಚರಿತ್ರೆಯನ್ನು ಇಷ್ಟು ಸಾಫಾಗಿ ಯಾವ ಕವಿಯೂ ಬರೆದಿಲ್ಲ ಎನ್ನಿಸಿತು.

ಠೇವಣಿ ಹತ್ತು ಸಾವಿರ. ಪರಿಶಿಷ್ಟರಿಗೆ ಅರ್ಧ, ಐದು ಸಾವಿರ. ಹತ್ತರ, ಇಪ್ಪತ್ತರ ನೋಟುಗಳಲ್ಲಿ ಕಟ್ಟಿದೆವು. ಎಣಿಸುವ ಗುಮಾಸ್ತರು ಗೊಣಗಿದರು. ಎಣಿಸಿದರು.

ಇನ್ನು ಚಿಹ್ನೆ. ದೊಡ್ಡ ಪಕ್ಷಗಳ ಗುರುತು ಮಗು ತೊಟ್ಟಿಲಲ್ಲಿರುವಾಗಲೇ ಗೋಡೆಯ ಮೇಲೆ ಇರುತ್ತದೆ. ಪಕ್ಷೇತರರಿಗೆ ನಾಮಪತ್ರ ಹಿಂತೆಗೆಯುವ ಗಡುವು ಮುಗಿದ ಮೇಲೆ ಸಿಗುತ್ತದೆ. 2023ರಲ್ಲಿ ಆ ದಿನ ಏಪ್ರಿಲ್ 24. ಬಹಿರಂಗ ಪ್ರಚಾರ ಮುಗಿದದ್ದು ಮೇ 8ರ ಸಂಜೆ. ಎರಡು ಲಕ್ಷ ಜನರಿಗೆ ಹೊಲಿಗೆ ಯಂತ್ರ ತೋರಿಸಲು ನಮಗಿದ್ದದ್ದು ಎರಡು ವಾರ.

ಮತಯಂತ್ರದ ಮೇಲೆ ಹೆಸರು ಬರುವ ಕ್ರಮವನ್ನು ನೀವು ಗಮನಿಸಿದ್ದೀರಾ? ಮೊದಲು ಮನ್ನಣೆ ಪಡೆದ ರಾಷ್ಟ್ರೀಯ, ರಾಜ್ಯ ಪಕ್ಷದವರು. ಆಮೇಲೆ ನೋಂದಣಿಯಾದ ಸಣ್ಣ ಪಕ್ಷದವರು. ಕೊನೆಗೆ ಪಕ್ಷೇತರರು. ನಮ್ಮದು ಹನ್ನೊಂದನೇ ಸಾಲು. ಕೆಳಗೊಬ್ಬ ಪಕ್ಷೇತರ, ಅವನ ಕೆಳಗೆ ನೋಟಾ. ಊರ ಹಬ್ಬದಲ್ಲಿ ಎಲ್ಲರ ಊಟವಾದ ಮೇಲೆ ಹಿಂದಿನ ಬಾಗಿಲಲ್ಲಿ ಕೂರುವ ಪಂಕ್ತಿ ಇದೆಯಲ್ಲ, ಥೇಟು ಅದೇ. ತಮಟೆಯವನು ಇದನ್ನೇ ಒಂದು ಮಾತು ಮಾಡಿಕೊಂಡ: "ಕೆಳಗಿಂದ ಎಣಿಸ್ಕಳಿ ಅವ್ವಂದಿರಾ, ನಮ್ಮೋರು ಯಾವತ್ತೂ ಕೆಳಗೇ ಇರೋದು." ಜನ ನಕ್ಕರು. ನಕ್ಕವರು ಮರೆಯುವುದಿಲ್ಲ.

ಈಗ ದುಡ್ಡಿನ ಮಾತು. ಒಬ್ಬ ಉಮೇದುವಾರ ವಿಧಾನಸಭೆಗೆ ಖರ್ಚು ಮಾಡಬಹುದಾದ ಮಿತಿ 40 ಲಕ್ಷ ರೂಪಾಯಿ. ಇದು ಕಾಗದದ ಮೇಲಿನ ಮಿತಿ. ನಡೆಯುವ ಖರ್ಚಿಗೆ ಮಿತಿ ಇಲ್ಲವೆಂದು ಹಾಲು ಹಾಕುವ ಹುಡುಗನಿಗೂ ಗೊತ್ತು. 1951ರ ಕಾಗೋಡು ಸತ್ಯಾಗ್ರಹದ ಬೆನ್ನಿಗೇ, 1952ರಲ್ಲಿ, ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ವಿಧಾನಸಭೆಗೆ ಗೆದ್ದರು. ಜನರ ಹತ್ತಿರ ಓಟಿನ ಜೊತೆ ನೋಟನ್ನೂ ಕೇಳಿದ ಸಮಾಜವಾದಿ ಅವರು. ಗೇಣಿದಾರರ ಹೋರಾಟದ ಬಿಸಿ ಆರದ ನೆಲ ಅದು. ನಮ್ಮ ನೆಲದಲ್ಲಿ ಗೇಣಿ ಮಾಡಲೂ ಭೂಮಿ ಇಲ್ಲದವರೇ ಹೆಚ್ಚು. ಆದರೂ ಕೇಳಿದೆವು. ಟವೆಲ್ ಹಿಡಿದು ಬೀದಿ ಬೀದಿ ಕೇಳಿದೆವು.

ಮೊದಲ ದಿನ ಬೆವರು ಕಿತ್ತುಕೊಂಡಿತು. ಓಟು ಕೇಳಲು ಬಂದವರು ಕೊಡಬೇಕು, ಇದು ಲೋಕದ ರೂಢಿ. ಇವರು ಈಸಿಕೊಳ್ಳುತ್ತಾರಲ್ಲ! ಒಬ್ಬ ಮುದುಕಪ್ಪ ತನ್ನ ಎಲೆಯಡಿಕೆ ಚೀಲದಿಂದ ಹತ್ತು ರೂಪಾಯಿ ತೆಗೆದು, ಎರಡು ಸಲ ನೀವಿ, ಟವೆಲಿಗೆ ಹಾಕಿದ. "ಐವತ್ತು ವರ್ಷದಿಂದ ಓಟ್ ಆಕ್ತಾ ಇವ್ನಿ. ನನ್ ತಾವ ಕೇಳ್ದೋರು ನೀವೇ ಮೊದಲ್ನೇರು. ನಂತಾವೂ ಕೊಡಕ್ಕೆ ಏನಾರ ಅದೆ ಅಂತಾಯ್ತಲ್ಲ" ಎಂದ. ಕೂಡಿದ್ದು ಒಟ್ಟು 1,87,640 ರೂಪಾಯಿ. ಆಟೋಗೆ ಡೀಸೆಲ್ಲು, ಕರಪತ್ರ, ಮೈಕು, ಬೂತ್ ಏಜೆಂಟರ ಬುತ್ತಿ. ಅದಕ್ಕೆಂದೇ ತೆರೆದ ಬ್ಯಾಂಕ್ ಖಾತೆಯಲ್ಲಿ ಪೈಸೆ ಪೈಸೆಗೂ ಲೆಕ್ಕ ಇಟ್ಟು ಕೊಟ್ಟಿದ್ದೇವೆ.

ಕೊನೆಯ ಎರಡು ರಾತ್ರಿ ಎದುರಿನವರ ದುಡ್ಡು ಹರಿಯಿತು. ಇದರಲ್ಲಿ ಕೇರಿಯನ್ನು ಬೈಯುವುದು ಪಟ್ಟಣದ ವಿದ್ಯಾವಂತರಿಗೆ ಬಲು ಸುಲಭ. "ನಿಮ್ಮೋರೇ ಮಾರ್ಕೋತಾರಲ್ಲ" ಎನ್ನುತ್ತಾರೆ. ಓಟಿಗೆ ಇಷ್ಟು ಎಂದು ಬಡವ ಈಸಿಕೊಂಡದ್ದು ಕಾಣುತ್ತದೆ. ಗೆದ್ದವನು ಐದು ವರ್ಷದಲ್ಲಿ ಈಸಿಕೊಳ್ಳುವುದು ಕಾಣುವುದಿಲ್ಲ. ನಾವು ಯಾರಿಗೂ ದುಡ್ಡು ಮುಟ್ಟಬೇಡಿ ಎಂದು ಉಪದೇಶ ಮಾಡಲಿಲ್ಲ. ಆ ದುಡ್ಡಿನಲ್ಲಿ ಅಕ್ಕಿ ಬಂದೀತು, ಮಾತ್ರೆ ಬಂದೀತು. ನಮ್ಮ ಜಗಳ ಇದ್ದದ್ದು ದುಡ್ಡಿನ ಜೊತೆ ಬರುವ ಆಣೆಯ ಮೇಲೆ. ನೋಟನ್ನು ಮಾದಪ್ಪನ ಪಟದ ಮುಂದೆ ಇಟ್ಟು, ಅರಿಶಿನ ಮುಟ್ಟಿಸಿ, "ಹಾಕ್ತೀನಿ ಅಂತ ಹೇಳು" ಎಂದು ಹೇಳಿಸಿಕೊಳ್ಳುತ್ತಾರೆ. ದುಡ್ಡು ಮೂರು ದಿನಕ್ಕೆ ಕರಗುತ್ತದೆ, ಆಣೆ ಎದೆಯಲ್ಲಿ ಕೂರುತ್ತದೆ. ಒಬ್ಬಳು ತಾಯಿ ಅಳುಮುಖ ಮಾಡಿ, "ನಿಮ್ಗೇ ಹಾಕ್ಬೇಕು ಅಂತಿದ್ದೆ ಕಣವ್ವ, ಮಾದಪ್ಪನ್ ಮೇಲೆ ಆಣೆ ಇಡುಸ್ಕಂಡ್ಬುಟ್ರು" ಎಂದಳು. ಅಕ್ಕನಿಗೆ ಉತ್ತರ ತೋಚಲಿಲ್ಲ. ಉತ್ತರ ಕೊಟ್ಟದ್ದು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವಳ ಅತ್ತೆ: "ದುಡ್ಡು ಈಸ್ಕಂಡೋಳು ನೀನು. ಮಾದಪ್ಪ ಈಸ್ಕಂಡಿದ್ನಾ? ಇಲ್ಲ ತಾನೆ? ಬಡೋರ ಮನೆ ರಾಗಿ ಕಲ್ಲು ಬೀಸೋ ಸದ್ದಿಗೆ ಎದ್ದು ಬಂದ ಸ್ವಾಮಿ ಅವನು, ಸಾವ್ಕಾರನ ಸಾಕ್ಷಿಗೆ ಬತ್ತನಾ? ಹೋಗು, ನಿನ್ ಮನಸಿಗೆ ಬಂದೋರಿಗೆ ಹಾಕು."

ಗೆಳೆಯರೆ, ಇಲ್ಲಿಗೆ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬಂದೆವು. ಹಣಕ್ಕಿಂತ, ಆಣೆಗಿಂತ ದೊಡ್ಡದು ಇನ್ನೊಂದಿತ್ತು. ಅದು ಹೆದರಿಕೆ. ಮನೆ ಮನೆಯಲ್ಲೂ ಅಜ್ಜಿ ಕೇಳಿದ ಪ್ರಶ್ನೆಯೇ: "ಯಾರಿಗೆ ಹಾಕುದ್ವಿ ಅಂತ ಅವ್ರಿಗೆ ಗೊತ್ತಾಗಕಿಲ್ವಾ?" ಓಟು ಹಾಕಿದಾಗ ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡು ಒಂದು ಚೀಟಿ ಕಂಡು ಕೆಳಗೆ ಬೀಳುತ್ತದಲ್ಲ, ಅದರಲ್ಲಿ ಓಟು ಹಾಕಿದವರ ಹೆಸರಿರುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಇಲ್ಲ, ಉಮೇದುವಾರರ ಹೆಸರು, ಕ್ರಮಸಂಖ್ಯೆ, ಗುರುತು ಮಾತ್ರ ಇರುತ್ತದೆ ಎಂದು ರಟ್ಟಿನ ಪೆಟ್ಟಿಗೆ ಮಾಡಿ ತೋರಿಸಿದೆವು. ಜನ ನಂಬಿದರು. ಒಬ್ಬೊಬ್ಬರ ಓಟು ಗುಟ್ಟಾಗಿಯೇ ಇರುತ್ತದೆ, ಇದು ಸತ್ಯ.

ಕೇರಿಯ ಓಟು ಗುಟ್ಟಾಗಿರುತ್ತದೆಯೇ? ಇದು ಬೇರೆ ಪ್ರಶ್ನೆ. ಬ್ಯಾಲೆಟ್ ಪೇಪರಿನ ಕೊನೆಯ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಗಳ ಚೀಟಿಗಳನ್ನು ಎಣಿಕೆಗೆ ಮೊದಲು ಬೆರೆಸಲು ನಿಯಮದಲ್ಲಿ ಅವಕಾಶವಿತ್ತು. ನಾಲ್ಕು ಹೊಲದ ರಾಗಿ ಒಂದೇ ಕಣದಲ್ಲಿ ಸುರಿದ ಹಾಗೆ. ಯಾವ ಕಾಳು ಯಾವ ಹೊಲದ್ದು ಎಂದು ಯಾರು ಹೇಳಬಲ್ಲರು? 2004ರ ಲೋಕಸಭೆ ಚುನಾವಣೆಯಿಂದ ದೇಶದ ಎಲ್ಲ ಕಡೆಗೂ ಮತಯಂತ್ರ ಬಂತು. ಯಂತ್ರ ಒಂದೊಂದು ಮತಗಟ್ಟೆಯ ಲೆಕ್ಕವನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ನಮೂನೆ 20 ಎಂಬ ಪಟ್ಟಿಯಲ್ಲಿ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂದು ಅಚ್ಚಾಗುತ್ತದೆ. ಕೇರಿ ಒಂದು ಕಡೆ, ಊರು ಒಂದು ಕಡೆ ಇರುವ ನಮ್ಮ ದೇಶದಲ್ಲಿ ಬೂತಿನ ನಂಬರು ಎಂದರೆ ಬಹಳ ಸಲ ಜಾತಿಯ ನಂಬರು.

ಇದಕ್ಕೆ ಮದ್ದಿಲ್ಲವೆಂದಲ್ಲ. ಹಲವು ಯಂತ್ರಗಳ ಮತಗಳನ್ನು ಒಟ್ಟಿಗೆ ಕೂಡಿಸಿ ಹೇಳುವ ಟೋಟಲೈಸರ್ ಎಂಬ ಸಾಧನವನ್ನು ಬಳಸೋಣ ಎಂದು ಚುನಾವಣಾ ಆಯೋಗವೇ 2008ರಲ್ಲಿ ಸರ್ಕಾರಕ್ಕೆ ಹೇಳಿತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಹೌದೆಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತಗಟ್ಟೆಯ ಲೆಕ್ಕ ಗೊತ್ತಾದರೆ ಪಕ್ಷಗಳಿಗೆ ತಾವು ಎಲ್ಲಿ ಕೆಲಸ ಮಾಡಬೇಕೆಂದು ತಿಳಿಯುತ್ತದಂತೆ. ಎಲ್ಲಿ ಕೆಲಸ ನಿಲ್ಲಿಸಬೇಕೆಂದೂ ತಿಳಿಯುತ್ತದೆ ಎಂಬುದು ದೆಹಲಿಯಲ್ಲಿ ಕೂತವರಿಗೆ ಹೊಳೆಯಲಿಲ್ಲವೇ? 2023ರಲ್ಲೂ ನಮ್ಮ ಓಟುಗಳನ್ನು ಬೂತು ಬೂತಾಗಿಯೇ ಎಣಿಸಿದರು.

ಮೇ 10ರಂದು ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಲ್ಲಿ ನಮಗೆ ಏಜೆಂಟರು ಸಿಕ್ಕಿದ್ದು 61 ಕಡೆ. ಮಿಕ್ಕ ಕಡೆ ನಮ್ಮ ಪರವಾಗಿ ಒಂದು ಖಾಲಿ ಕುರ್ಚಿಯೂ ಇರಲಿಲ್ಲ. ಹಾಗಿದ್ದೂ ಜನ ಬಂದು ಹಾಕಿದರು. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ ತಯಾರಾಗುವುದು, 1962ರಿಂದ. ಆ ಮಸಿ ಹಚ್ಚಿದ ಬೆರಳು ಎಲ್ಲ ಜಾತಿಯಲ್ಲೂ ಒಂದೇ ಥರ ಕಾಣುತ್ತದೆ. ಅಷ್ಟು ಹೊತ್ತಿನ ಮಟ್ಟಿಗೆ.

ಮೇ 13ರಂದು ಎಣಿಕೆ. ನಮಗೆ ಬಂದದ್ದು 2,846. ಠೇವಣಿ ಉಳಿಯಬೇಕಾದರೆ ಸಿಂಧು ಮತಗಳ ಆರನೇ ಒಂದು ಪಾಲು ಬೇಕು; ಅಂದರೆ ನಮ್ಮಲ್ಲಿ 26 ಸಾವಿರ. ಎಣಿಕೆ ಕೇಂದ್ರದ ಹೊರಗೆ ಯಾರೋ "ಹೊಲಿಗೆ ಬಿಚ್ಚೋಯ್ತಾ?" ಎಂದು ಕೂಗಿದರು. ಕೂಗಲಿ. ಅದೇ ಸೀಮೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ 2004ರಲ್ಲಿ ಏನಾಯಿತೆಂದು ಕೂಗಿದವನಿಗೆ ನೆನಪಿರಲಾರದು. ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಓಟು! ಒಂದು ಕಾಳು ಯಾವ ಮಡಕೆಗೆ ಬೀಳುತ್ತದೆ ಎಂಬುದರ ಮೇಲೆ ಒಬ್ಬರು ಶಾಸಕರಾದರು, ಒಬ್ಬರು ಮನೆಗೆ ಹೋದರು. ನಮ್ಮ ಮಡಕೆಯಲ್ಲಿ 2,846 ಕಾಳು. ಒಂದಕ್ಕೂ ದುಡ್ಡು ಕೊಟ್ಟಿಲ್ಲ, ಒಂದಕ್ಕೂ ಆಣೆ ಇಡಿಸಿಲ್ಲ.

ನಿಜವಾದ ಚುನಾವಣೆ ಶುರುವಾದದ್ದು ಆಮೇಲೆ.

ಹೊಳೆಯಾಚೆಯ ಊರಿನ ಬೂತಿನಲ್ಲಿ ನಮಗೆ 41 ಬಂದಿತ್ತು. ಆ ಊರಿನ ಜಗಲಿಗೆ ಈ ನಂಬರು ಮಧ್ಯಾಹ್ನಕ್ಕೇ ಮುಟ್ಟಿತು. ಅವರು ಲೆಕ್ಕ ಹಾಕಿದ ಓಟು ಅಲ್ಲಿ ಕಮ್ಮಿಯಾಗಿತ್ತು. 41 ಯಾರು? ಕೇರಿಯವರೇ ಇರಬೇಕು. ಯಾವ ಮನೆ? ಅದು ಗೊತ್ತಿಲ್ಲ. ಗೊತ್ತಿಲ್ಲವಾದರೆ ಎಲ್ಲ ಮನೆಯೂ ಸರಿ. ಅರಿಶಿನ ನಾಟಿಯ ಕಾಲ. ಮಾರನೇ ಬೆಳಿಗ್ಗೆ ಕೇರಿಯ ಹೆಣ್ಣುಮಕ್ಕಳನ್ನು ಕೂಲಿಗೆ ಕರೆಯಲು ಯಾರೂ ಬರಲಿಲ್ಲ. ಪಕ್ಕದ ಊರಿನಿಂದ ಟೆಂಪೋದಲ್ಲಿ ಆಳು ತರಿಸಿದರು. "41 ಜನ ಯಾರು ಅಂತ ಹೇಳಿ, ಮಿಕ್ಕೋರು ಬನ್ನಿ" ಎಂದು ಹೇಳಿ ಕಳಿಸಿದರು.

ನಾವು ಅಲ್ಲಿಗೆ ಹೋದಾಗ ಕೇರಿಯ ಮಂದಿ ಮುನಿಸಿಕೊಂಡಿರುತ್ತಾರೆ ಎಂದುಕೊಂಡಿದ್ದೆವು. ಮಾರಮ್ಮನ ಗುಡಿಯ ಮುಂದೆ ಎಲ್ಲರೂ ಕೂತಿದ್ದರು. ಊರಿನ ಇಬ್ಬರು ಯಜಮಾನರೂ ಬಂದು ನಿಂತಿದ್ದರು. ಒಬ್ಬರು ಮೆತ್ತಗೆ ಮಾತಾಡುವವರು. "ನಮ್ಗೇನ್ ಸಿಟ್ಟಿಲ್ಲ. ಯಾರು ಹಾಕುದ್ರೋ ಅವ್ರು ಎದ್ದು ಹೇಳ್ಬುಡ್ಲಿ, ಸಾಕು. ಇಷ್ಟು ವರ್ಷದ ನಂಬ್ಕೆ ಅಲ್ವಾ?" ಎಂದರು.

ಯಾರೂ ಏಳಲಿಲ್ಲ. ಯಾರೂ ಇನ್ನೊಬ್ಬರ ಕಡೆ ನೋಡಲಿಲ್ಲ. ಆ ಮೌನದಲ್ಲಿ ನಮಗೆ ಭಯವಾಯಿತು. ಮನೆಯಲ್ಲಿ ರಾಗಿ ಇಲ್ಲದವನು ಯಾವ ಕ್ಷಣದಲ್ಲಾದರೂ ಪಕ್ಕದವನ ಹೆಸರು ಹೇಳಬಹುದು; ಹೇಳಿದರೆ ತಪ್ಪೆನ್ನುವ ಹಕ್ಕು ಯಾರಿಗಿದೆ? ಆಗ ಎದ್ದದ್ದು ಅವರೆಕಾಳಿನ ಅಜ್ಜಿ.

"ಬುದ್ಧಿ, ಹೆರಿಗೆ ಮನೆ ಒಳಕ್ಕೆ ಗಂಡಸ್ರು ಇಣುಕ್ಬಾರ್ದು ಅಂತಾರೆ. ನಿಮ್ ಮನೆ ಹೆರಿಗೆಗೆಲ್ಲ ಸೂಲಗಿತ್ತಿಯಾಗಿ ಬಂದೋಳು ನಾನು. ಒಳಗೆ ನಡ್ದಿದ್ದ ಯಾವತ್ತಾರ ಹೊರಗೆ ಬಂದು ಆಡಿದ್ದೀನಾ? ಓಟಿನ ಪರ್ದೆನೂ ಅಂಗೇ ಕನ. ಒಳಗಿನ್ ಮಾತ ಒಳಗೇ ಬುಟ್ಟು ಬಂದಿವ್ವಿ."

ಮೆತ್ತಗಿನ ಯಜಮಾನರು ನೆಲ ನೋಡಿದರು. ಇನ್ನೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಹೊರಟರು. ಆ ನಲವತ್ತೊಂದರಲ್ಲಿ ಊರಿನ ಒಳಗಿನ ಓಟೂ ಇದ್ದಿರಬಹುದು ಎಂದು ಆ ಹೊತ್ತಿನಲ್ಲಿ ನಮಗೆ ಮೊದಲ ಸಲ ಹೊಳೆಯಿತು. ಗೊತ್ತಾಗುವ ಬಗೆಯಿಲ್ಲ. ಗೊತ್ತಾಗದಿರುವುದೇ ಒಳ್ಳೆಯದು.

ಮಾತಿನಿಂದ ಒಲೆ ಉರಿಯುವುದಿಲ್ಲ. ಅವತ್ತೇ ಅಕ್ಕ ಪಂಚಾಯ್ತಿ ಆಫೀಸಿನಿಂದ ನಮೂನೆ 6 ತಂದಳು. ಕೆಲಸ ಕೇಳಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕೆಂದು 2005ರ ಉದ್ಯೋಗ ಖಾತರಿ ಕಾಯಿದೆ ಹೇಳಿತ್ತು. ಐವತ್ತಮೂರು ಅರ್ಜಿ ಬರೆದೆವು, ರಸೀತಿ ಕೊಡುವ ತನಕ ಮೆಟ್ಟಿಲು ಇಳಿಯಲಿಲ್ಲ. ಹನ್ನೆರಡನೇ ದಿನ ಕೆರೆ ಹೂಳೆತ್ತುವ ಕೆಲಸ ಬಂತು. ಆ ವರ್ಷದ ದಿನಗೂಲಿ 316 ರೂಪಾಯಿ. ಜಗಲಿ ಕೊಡುತ್ತಿದ್ದುದಕ್ಕಿಂತ ಹೆಚ್ಚು. ನಡುವಿನ ಆ ದಿನಗಳಿಗೆ ನಮ್ಮ ಚುನಾವಣೆಯ ಟವೆಲನ್ನೇ ಇನ್ನೊಮ್ಮೆ ಹಿಡಿದೆವು. ಬೇರೆ ಕೇರಿಗಳವರು ರಾಗಿ ಕೊಟ್ಟರು. ಎಡಗೈ ಕೇರಿಯ ರಾಗಿ ಬಲಗೈ ಕೇರಿಯ ಒಲೆಯ ಮೇಲೆ ಮುದ್ದೆಯಾಯಿತು. ಮುಂಗಾರು ಜೋರಾದ ಮೇಲೆ ಟೆಂಪೋ ಆಳಿನ ಖರ್ಚು ಕಟ್ಟದೆ ಊರಿನವರು ತಾವೇ ಕೇರಿಗೆ ಬಂದು ಕರೆದರು. ಹೆಂಗಸರು ಹೋದರು, ಕೂಲಿ ಮಾತಾಡಿಕೊಂಡು ಹೋದರು.

ಹೋರಾಟ ಬೇರೆ, ಓಟು ಬೇರೆ ಎಂಬ ವಾದ ನಮ್ಮ ಚಳವಳಿಯಲ್ಲಿ ಬಲು ಹಳೆಯದು. ಓಟಿನ ಕೆಸರಿಗೆ ಇಳಿದರೆ ಸಂಘಟನೆ ಒಡೆಯುತ್ತದೆ ಎಂದವರ ಮಾತಿನಲ್ಲಿ ತೂಕವಿದೆ; ಒಡೆದದ್ದನ್ನು ನಾಡು ನೋಡಿದೆ. ಹೊಳೆಯಾಚೆಯ ಊರಿನಲ್ಲಿ ನಾವು ಕಂಡದ್ದು ಇಷ್ಟು: ಓಟು ಕೇಳಲು ಹೋದದ್ದರಿಂದ ಅಲ್ಲಿ ಸಂಘಟನೆಯಾಯಿತು, ಓಟನ್ನು ಕಾಪಾಡಲು ನಿಂತದ್ದರಿಂದ ಅದು ಉಳಿಯಿತು. ವಿಧಾನಸೌಧದ ಮೆಟ್ಟಿಲು ನಮಗೆ ದೂರ. ಕೇರಿಗೂ ಮತಗಟ್ಟೆಗೂ ನಡುವಿನ ದಾರಿ ಅರ್ಧ ಮೈಲಿ. ಆ ಅರ್ಧ ಮೈಲಿಯಲ್ಲಿ ದುಡ್ಡು ನಿಂತಿದೆ, ಆಣೆ ನಿಂತಿದೆ, ಹೆದರಿಕೆ ನಿಂತಿದೆ. ಮೊದಲು ಆ ದಾರಿ ಬಿಡಿಸಿಕೊಳ್ಳಬೇಕು.

ಅದಕ್ಕೇ ಈ ಪತ್ರಿಕೆ ಓದುವ ನಿಮ್ಮಲ್ಲಿ ಮೂರು ಮಾತು ಕೇಳುತ್ತೇವೆ.

ಸಂಘಟನೆಯ ಗೆಳೆಯರೆ, ಮುಂದಿನ ಚುನಾವಣೆ ಯಾವುದೇ ಬರಲಿ, ಗ್ರಾಮ ಪಂಚಾಯ್ತಿಯದೇ ಆಗಲಿ, ಉಮೇದುವಾರರನ್ನು ಜಗಲಿ ಗೊತ್ತು ಮಾಡುವ ಮೊದಲು ಕೇರಿಯಲ್ಲಿ ಮಡಕೆ ಇಡಿ. ಒಂದು ಹಳೇ ಸೀರೆ, ಒಂದು ಸೇರು ಅವರೆಕಾಳು. ಅದಕ್ಕಿಂತ ಹೆಚ್ಚು ಖರ್ಚಿಲ್ಲ.

ವಿದ್ಯಾರ್ಥಿ ಗೆಳೆಯರೆ, ನಿಮ್ಮ ಕ್ಷೇತ್ರದ ನಮೂನೆ 20 ತೆಗೆದು ಓದಿ. ಯಾವ ಬೂತಿನ ಲೆಕ್ಕ ಬಂದ ಮೇಲೆ ಯಾವ ಕೇರಿಗೆ ನೀರು ನಿಂತಿತು, ಕೂಲಿ ನಿಂತಿತು ಎಂದು ಊರಿಗೆ ಹೋಗಿ ಕೇಳಿ ಬರೆದಿಡಿ. ಬೂತುಗಳ ಲೆಕ್ಕ ಬೆರೆಸಿ ಎಣಿಸಿ ಎಂದು ನಾವು ಕೇಳುವ ದಿನ ಆ ಕಾಗದ ಕೈಯಲ್ಲಿರಬೇಕು.

ಹಳ್ಳಿಯ ಮೇಷ್ಟ್ರುಗಳೆ, ಟೀಚರುಗಳೆ, ಎಷ್ಟೋ ಕಡೆ ಮತಗಟ್ಟೆ ಎಂದರೆ ಶಾಲೆಯ ಕೋಣೆಯೇ, ಮತಗಟ್ಟೆಯ ಅಧಿಕಾರಿಗಳೂ ನೀವೇ. ಪರದೆ ಎಂದರೆ ಈಗ ಬಟ್ಟೆಯಲ್ಲ, ಮೂರು ಮಗ್ಗುಲಿನ ಒಂದು ರಟ್ಟು. ಕಿಟಕಿಯಿಂದ ಇಣುಕಿದರೆ ಕೈ ಎತ್ತ ಹೋಯಿತೆಂದು ಕಾಣುತ್ತದೆ. ಮತದಾನದ ಹಿಂದಿನ ಸಂಜೆ ನೀವು ಆ ರಟ್ಟನ್ನು ನಿಲ್ಲಿಸುವಾಗ ಒಂದು ಸಲ ಹೊರಗೆ ಬಂದು ಎಲ್ಲ ಕಿಟಕಿಯಿಂದಲೂ ನೋಡಿ. ಕಂಡರೆ ಒಳಗೆ ಹೋಗಿ ಒಂದು ಮಾರು ಸರಿಸಿ ಇಡಿ.